ಕಲಿತ ಮಾತಿನ ಋಣ

ಕ್ರಿ.ಶ. 671ರಲ್ಲಿ ಗುವಾಂಗ್‌ಝೌ ಬಂದರಿನಲ್ಲಿ ಹಡಗು ಹತ್ತಿದ ಇತ್ಸಿಂಗ್ ಎಂಬ ಚೀನೀ ಭಿಕ್ಷು ನೆಟ್ಟಗೆ ಭಾರತಕ್ಕೆ ಬರಲಿಲ್ಲ. ದಾರಿಯಲ್ಲಿ, ಸುಮಾತ್ರಾದ ಶ್ರೀವಿಜಯದಲ್ಲಿ ಇಳಿದು ಆರು ತಿಂಗಳು ಸಂಸ್ಕೃತ ವ್ಯಾಕರಣ ಓದಿದ. ಅಲ್ಲಿಂದ ಮುಂದೆ ನಾಲಂದಾಕ್ಕೆ ಬಂದು ಹತ್ತು ವರ್ಷದಷ್ಟು ಕಾಲ ಇದ್ದ. ಮರಳುವಾಗ ಮತ್ತೆ ಶ್ರೀವಿಜಯದಲ್ಲಿ ನಿಂತು ಬರೆದ ಬರಹಗಳಲ್ಲಿ ತನ್ನ ಹಿಂದೆ ಬರಲಿರುವವರಿಗೆ ಒಂದು ಸಲಹೆ ಇಟ್ಟ: ಓದಲೆಂದು ಭಾರತಕ್ಕೆ ಹೋಗುವ ಭಿಕ್ಷುಗಳು ಮೊದಲು ಇಲ್ಲಿ ಒಂದೆರಡು ವರ್ಷ ಇದ್ದು ಪಳಗಿಕೊಳ್ಳಲಿ, ಆಮೇಲೆ ಸಾಗಲಿ. ಸಾವಿರದ ಮುನ್ನೂರು ವರ್ಷ ಹಳೆಯ ಈ ಮಾತಿನ ಹಿಂದೆ ಎಷ್ಟು ಕಷ್ಟ ಅಡಗಿದೆಯೋ! ಪರಭಾಷೆಯ ನಡುವೆ ಏಕಾಏಕಿ ಬಿದ್ದವನ ಪಾಡು ಬಲ್ಲವನು ಮಾತ್ರ ಹೀಗೆ ಬರೆಯಬಲ್ಲ.

ಇತ್ಸಿಂಗ್‌ಗೆ ಆಗ ಮೂವತ್ತೈದು ದಾಟಿತ್ತು. ತನ್ನ ನಾಡಿನ ಗ್ರಂಥಗಳನ್ನೆಲ್ಲ ಅರಗಿಸಿಕೊಂಡ ಪಂಡಿತ, ಗೊತ್ತಿಲ್ಲದ ದ್ವೀಪದಲ್ಲಿ ಕೂತು ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡಿದ. ಹಾಗೆಂದು ಬೌದ್ಧ ಗ್ರಂಥಗಳು ಚೀನೀಯಲ್ಲಿ ಇರಲಿಲ್ಲವೆಂದಲ್ಲ. ಅದಕ್ಕೂ ಇನ್ನೂರೈವತ್ತು ವರ್ಷ ಮೊದಲೇ ಕುಮಾರಜೀವ ಚಾಂಗಾನಿನಲ್ಲಿ ಕೂತು ಸದ್ಧರ್ಮಪುಂಡರೀಕ ಸೂತ್ರವನ್ನು ಅನುವಾದಿಸಿದ್ದ. ಚೀನಾದ ವಿಹಾರಗಳಲ್ಲಿ ಇಂದಿಗೂ ಪಠಿಸುವುದು ಅದನ್ನೇ. ಮನೆಯಲ್ಲೇ ಇದ್ದುದನ್ನು ಹುಡುಕಿಕೊಂಡು ಅಷ್ಟು ದೂರ ಬಂದನಲ್ಲ, ಬಂದು ಪಡೆದದ್ದೇನು?

ಇದೇ ಪ್ರಶ್ನೆ ಈಗ ದಿಕ್ಕು ಬದಲಿಸಿ ನಮ್ಮ ಮುಂದೆ ಬಂದು ನಿಂತಿದೆ. ಚೀನೀ ಭಾಷೆ ಕಲಿಯಲು ಬೀಜಿಂಗಿಗೆ ಹೊರಟ ವಿದ್ಯಾರ್ಥಿಯನ್ನು ಮನೆಯವರು, ನೆಂಟರು, ಬ್ಯಾಂಕಿನ ಗುಮಾಸ್ತರು ಎಲ್ಲರೂ ಕೇಳುತ್ತಾರೆ: ಕಲಿತು ಏನು ಮಾಡುತ್ತೀ? ನನ್ನನ್ನೂ ಕೇಳಿದ್ದರು. ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಅದಕ್ಕೆ ಎರಡು ಸಿದ್ಧ ಉತ್ತರಗಳು ಇವೆ, ಎರಡನ್ನೂ ನಾನು ಬಳಸಿದ್ದೇನೆ. ಮೊದಲನೆಯದು ಉದ್ಯೋಗ. ಬೆಂಗಳೂರಿನ ಎಷ್ಟೋ ಕಂಪನಿಗಳ ಬಿಡಿಭಾಗ ಷೆನ್‌ಝೆನ್‌ನಿಂದ ಬರುತ್ತದೆ, ಎರಡೂ ಕಡೆಯ ಮಾತು ಬಲ್ಲವರಿಗೆ ಕೆಲಸವಿದೆ. ಹೊಟ್ಟೆಪಾಡಿನ ಈ ಉತ್ತರವನ್ನು ಹಗುರಾಗಿ ನೋಡುವ ಅಧಿಕಾರ ಯಾರಿಗೂ ಇಲ್ಲ. ಎರಡನೆಯದು ಸ್ವಲ್ಪ ದೊಡ್ಡ ದನಿಯ ಉತ್ತರ: ಎರಡು ನಾಗರಿಕತೆಗಳ ನಡುವೆ ಸ್ನೇಹ ಬೆಳೆಸುವುದು. ಈ ಎರಡರಲ್ಲಿ ಯಾವುದೂ ನನಗೆ ಪೂರ್ತಿ ದಕ್ಕಲಿಲ್ಲ ಎಂದೇ ಈ ಬರಹ.

ಉತ್ತರಕ್ಕೆ ಮೊದಲು, ಅಲ್ಲಿ ಕಲಿಯುವವರಿಗೆ ಏನಾಗುತ್ತದೆ ಎಂಬುದನ್ನು ನೋಡಬೇಕು. ಹೊಸ ಚೀನಾ ಹೊರದೇಶದ ವಿದ್ಯಾರ್ಥಿಗಳಿಗೆ ಬಾಗಿಲು ತೆರೆದದ್ದು 1950ರಲ್ಲಿ. ಛಿಂಗ್‌ಹ್ವಾ ವಿಶ್ವವಿದ್ಯಾಲಯದಲ್ಲಿ ಪೂರ್ವ ಯುರೋಪಿನ ವಿದ್ಯಾರ್ಥಿಗಳಿಗೆಂದೇ ಒಂದು ಭಾಷಾ ತರಗತಿ ಆರಂಭವಾಯಿತು, ಮೊದಲ ತಂಡದಲ್ಲಿ ಇದ್ದವರು 33 ಜನ. 1962ರಲ್ಲಿ ಈ ಕೆಲಸಕ್ಕೆ ಮೀಸಲಾದ ಸಂಸ್ಥೆಯೇ ಹುಟ್ಟಿತು. ಈಗ ಅದು ಬೀಜಿಂಗ್ ಭಾಷೆ ಮತ್ತು ಸಂಸ್ಕೃತಿ ವಿಶ್ವವಿದ್ಯಾಲಯ. ಹೈದಿಯಾನ್ ಜಿಲ್ಲೆಯ ವುದಾವ್‌ಕೌ ಎಂಬ ಆ ಪ್ರದೇಶದಲ್ಲಿ ನಡೆದರೆ ಹತ್ತು ಹೆಜ್ಜೆಗೆ ಒಂದು ದೇಶದ ಮುಖ ಸಿಗುತ್ತದೆ. ನಾನು ಓದಿದ್ದು ಅದೇ ಸುತ್ತಿನಲ್ಲಿ. ತರಗತಿಯಲ್ಲಿ ಕೊರಿಯಾದವರು, ಕಝಾಕಿಸ್ತಾನದವರು, ಸುಡಾನಿನವರು, ಇಟಲಿಯವರು. ನಮ್ಮ ನಡುವೆ ಇದ್ದ ಏಕೈಕ ಸಾಮಾನ್ಯ ಭಾಷೆ ಚೀನೀಯೇ. ನಾವೆಲ್ಲ ಸೇರಿ ಮಾತಾಡುತ್ತಿದ್ದ ಅರೆಬೆಂದ ಚೀನೀಯಲ್ಲಿ ಊಟ, ಬೇಸರ, ಪ್ರೀತಿ, ರಾಜಕೀಯ ಎಲ್ಲವೂ ನಡೆಯುತ್ತಿದ್ದವು. ಒಂದು ಭಾಷೆ ಅದನ್ನು ಹುಟ್ಟಿನಿಂದ ಪಡೆದವರು ಯಾರೂ ಇಲ್ಲದ ಕೋಣೆಯಲ್ಲೂ ಮನುಷ್ಯರನ್ನು ಒಟ್ಟಿಗೆ ಹಿಡಿದು ಕೂರಿಸಬಲ್ಲದು ಎಂದು ನಾನು ಕಂಡದ್ದು ಅಲ್ಲಿ.

ಮೊದಲ ವಾರಗಳೆಲ್ಲ ಕಿವಿ ಮತ್ತು ಬಾಯಿಯ ಕೆಲಸ. ಪ್ರತಿ ಉಚ್ಚಾರಾಂಶಕ್ಕೂ ಒಂದು ಏರಿಳಿತ, ಅಂದರೆ ಸ್ವರ, ಇದೆ. ಸಮನಾಗಿ ಎತ್ತರದಲ್ಲಿ ನಿಲ್ಲುವುದು, ಏರುವುದು, ತಗ್ಗಿ ಏಳುವುದು, ಬೀಳುವುದು. ಇವು ನಾಲ್ಕಲ್ಲದೆ ಸ್ವರವಿಲ್ಲದ ಮೆಲುವಾದದ್ದು ಇನ್ನೊಂದು. 'ಮಾಯ್' ಎಂಬುದನ್ನು ತಗ್ಗಿಸಿ ಎತ್ತಿದರೆ ಕೊಳ್ಳುವುದು, ಬೀಳಿಸಿದರೆ ಮಾರುವುದು. ಸಂತೆಯಲ್ಲಿ ಇದರಿಂದ ಆಗುವ ಗೊಂದಲ ಊಹಿಸಿಕೊಳ್ಳಬಹುದು.

ಇಲ್ಲಿ ಕನ್ನಡದವರಿಗೆ ಯಾರೂ ಹೇಳದ ಒಂದು ಅನುಕೂಲ ಇದೆ, ಅದನ್ನು ತುಸು ವಿವರವಾಗಿಯೇ ಹೇಳುತ್ತೇನೆ. ಚೀನೀಯನ್ನು ರೋಮನ್ ಅಕ್ಷರದಲ್ಲಿ ಬರೆಯುವ ಪಿನ್‌ಯಿನ್ ಪದ್ಧತಿ 1958ರಲ್ಲಿ ಜಾರಿಗೆ ಬಂತು. ಅದರಲ್ಲಿ 'ಬಿ' ಮತ್ತು 'ಪಿ' ಎಂಬ ಎರಡು ಅಕ್ಷರಗಳನ್ನು ಕಂಡ ಕೂಡಲೇ ಇಂಗ್ಲಿಷಿನ ಮೂಲಕ ಓದಿದ ನಾವು ಬ ಮತ್ತು ಪ ಎಂದುಕೊಳ್ಳುತ್ತೇವೆ. ನಿಜವಾಗಿ ಅವು ಪ ಮತ್ತು ಫ. ಇಂಗ್ಲಿಷಿನ ಎಫ್ ಅಲ್ಲ, ಹಳೆಯ ಮೇಷ್ಟ್ರುಗಳು ಉಸಿರು ಕೊಟ್ಟು ಹೇಳುತ್ತಿದ್ದ ಮಹಾಪ್ರಾಣದ ಫ. ಹಾಗೆಯೇ 'ಡಿ', 'ಟಿ' ಎಂದು ಬರೆದದ್ದು ತ ಮತ್ತು ಥಕ್ಕೆ ಹತ್ತಿರ, 'ಜಿ' 'ಕೆ' ಎಂದು ಬರೆದದ್ದು ಕ ಮತ್ತು ಖ. 'ಪಾವ್' ಎಂದರೆ ಹೊಟ್ಟೆ ತುಂಬಿತು, ಅದೇ ಏರಿಳಿತದಲ್ಲಿ 'ಫಾವ್' ಎಂದರೆ ಓಡು. ಕನ್ನಡಕ್ಕೆ ಮಹಾಪ್ರಾಣಗಳು ಬೇಕೇ ಬೇಡವೇ ಎಂದು ನಮ್ಮಲ್ಲಿ ಪಂಡಿತರು ಚರ್ಚಿಸುತ್ತಲೇ ಇದ್ದಾರೆ, ಚೀನೀಯಲ್ಲಿ ಅವಿಲ್ಲದೆ ಒಂದು ಹೊತ್ತಿನ ಊಟವೂ ನಡೆಯದು. ಶಾಲೆಯಲ್ಲಿ ವರ್ಗಾಕ್ಷರ ಹೇಳಿಕೊಟ್ಟ ಬೆತ್ತದ ಮೇಷ್ಟ್ರನ್ನು ನಾನು ಬೀಜಿಂಗಿನಲ್ಲಿ ಕೂತು ಕೃತಜ್ಞತೆಯಿಂದ ನೆನೆದೆ.

ಆಮೇಲೆ ತಿಳಿದದ್ದು ಇನ್ನೂ ದೊಡ್ಡದು. ಚೀನೀಯರು ತಮ್ಮ ಭಾಷೆಯ ದನಿಗಳನ್ನು ಹುಟ್ಟುವ ಜಾಗದ ಪ್ರಕಾರ ವಿಂಗಡಿಸಿ ಪಟ್ಟಿ ಮಾಡಿದ್ದರ ಹಿಂದೆ ಸಂಸ್ಕೃತ ಶಿಕ್ಷಾಶಾಸ್ತ್ರದ, ಅಂದರೆ ಉಚ್ಚಾರಣಾ ಶಾಸ್ತ್ರದ, ಪರಿಚಯ ಇದೆ. ತಾಂಗ್ ಯುಗದ ಕೊನೆಯ ಷೌವೆನ್ ಎಂಬ ಭಿಕ್ಷುವಿನ ಹೆಸರಿನಲ್ಲಿ ಉಳಿದು ಬಂದ ವ್ಯಂಜನಗಳ ಪಟ್ಟಿಯಲ್ಲಿ ತುಟಿ, ನಾಲಗೆ, ಹಲ್ಲು, ಗಂಟಲು ಎಂಬ ಗುಂಪುಗಳಿವೆ. ಅಷ್ಟೇ ಅಲ್ಲ, ಐದನೆಯ ಶತಮಾನದ ಕೊನೆಗೆ ಚೀನೀ ಕವಿಗಳು ತಮ್ಮ ಭಾಷೆಯಲ್ಲಿ ನಾಲ್ಕು ಸ್ವರಗಳಿವೆಯೆಂದು ಗುರುತಿಸಿ ಹೆಸರಿಟ್ಟದ್ದಕ್ಕೂ ಭಾರತದ ಸ್ವರಯುಕ್ತ ಪಠಣ ಪ್ರೇರಣೆ ಎಂದು 1934ರಲ್ಲಿ ಇತಿಹಾಸಕಾರ ಚೆನ್ ಯಿನ್‌ಕೆ ವಾದಿಸಿದರು. ಈ ಎರಡನೆಯ ಮಾತನ್ನು ಎಲ್ಲರೂ ಒಪ್ಪುವುದಿಲ್ಲ. ಆದರೆ ಆ ವಾದ ಮಾಡಿದ ಚೆನ್ ಯಿನ್‌ಕೆಯೂ ಹಾರ್ವರ್ಡ್ ಮತ್ತು ಬರ್ಲಿನ್‌ಗಳಲ್ಲಿ ಸಂಸ್ಕೃತ ಕಲಿತವರು ಎಂಬುದು ನನ್ನನ್ನು ಹಿಡಿದು ನಿಲ್ಲಿಸುತ್ತದೆ. ತನ್ನ ಭಾಷೆಯ ಸ್ವರ ತನಗೇ ಕೇಳಿಸಬೇಕಾದರೆ ಇನ್ನೊಬ್ಬರ ಭಾಷೆಯೊಳಗೆ ಒಂದಿಷ್ಟು ದಿನ ಇದ್ದು ಬರಬೇಕೇನೋ.

ಕಿವಿಯ ನಂತರ ಕೈ. ಲಿಪಿ ಬರೆಯುವುದಕ್ಕೆ ಚೌಕದೊಳಗೆ ಅಡ್ಡಗೆರೆ ಉದ್ದಗೆರೆ ಹಾಕಿದ ಹಾಳೆಗಳು ಸಿಗುತ್ತವೆ. ಯಾವ ಗೆರೆ ಮೊದಲು, ಯಾವುದು ಆಮೇಲೆ, ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ, ಮನೆಯೊಳಗೆಲ್ಲ ತುಂಬಿದ ಮೇಲೆ ಬಾಗಿಲು ಹಾಕುವ ಗೆರೆ. ನಮ್ಮ ಅಜ್ಜಿಯರು ಅಂಗಳದಲ್ಲಿ ಎಳೆ ರಂಗೋಲಿ ಬಿಡುವಾಗ ಎಲ್ಲಿಂದ ಶುರು ಮಾಡಿ ಎಲ್ಲಿ ತಿರುಗಬೇಕು ಎಂಬುದನ್ನು ಕೈಯೇ ಬಲ್ಲುದಲ್ಲ, ಹಾಗೆ ಕೈಗೆ ಹತ್ತಬೇಕು. 1716ರಲ್ಲಿ ಮುಗಿದ ಕಾಂಗ್‌ಷಿ ನಿಘಂಟಿನಲ್ಲಿ 47,000 ದಾಟಿದ ಲಿಪಿಗಳಿವೆ, ಅವನ್ನು 214 ಮೂಲಾಂಗಗಳ ಕೆಳಗೆ ಜೋಡಿಸಿದ್ದಾರೆ. ದಿನದ ಓದಿಗೆ ಅಷ್ಟು ಬೇಡ, ಮೂರೂವರೆ ಸಾವಿರ ಬಂದರೆ ಪತ್ರಿಕೆ ಓದಬಹುದು. ಆ ಮೂರೂವರೆ ಸಾವಿರವೂ ಬರೆದು, ಮರೆತು, ಮತ್ತೆ ಬರೆದು ಬರುವಂಥವು. ಈಗ ಫೋನಿನಲ್ಲಿ ದನಿ ಒತ್ತಿದರೆ ಲಿಪಿ ತಾನೇ ಮೂಡುತ್ತದೆ, ಚೀನೀಯರೇ ಪೆನ್ನು ಹಿಡಿದಾಗ ಲಿಪಿ ಮರೆತು ತಡವರಿಸುತ್ತಾರೆ. ಹೊರಗಿನಿಂದ ಬಂದವನಿಗೆ ಈ ಕೈಬರಹದ ಸವೆತ ಯಾಕೆ ಎಂದು ಕೇಳುವವರಿದ್ದಾರೆ.

ನಾನು ಉತ್ತರ ಕಂಡದ್ದು ಷಿಯಾನ್ ನಗರದ ಬೇಲಿನ್ ವಸ್ತುಸಂಗ್ರಹಾಲಯದಲ್ಲಿ. 837ರಲ್ಲಿ ಕೆತ್ತಿ ಮುಗಿಸಿದ 114 ಕಲ್ಲುಗಳು ಅಲ್ಲಿ ಸಾಲಾಗಿ ನಿಂತಿವೆ. ಹನ್ನೆರಡು ಶಾಸ್ತ್ರಗ್ರಂಥಗಳು, ಎರಡೂ ಮುಖದಲ್ಲಿ ಒಟ್ಟು ಆರೂವರೆ ಲಕ್ಷ ಲಿಪಿಗಳು. ಅಚ್ಚು ವ್ಯಾಪಕವಾಗಿರದ ಕಾಲದಲ್ಲಿ ಓದುವವರು ನಕಲು ಮಾಡಿಕೊಳ್ಳಲಿ, ನಕಲಿನಲ್ಲಿ ತಪ್ಪು ನುಸುಳದಿರಲಿ ಎಂದು ರಾಜಧಾನಿಯ ವಿದ್ಯಾಲಯದಲ್ಲಿ ನಿಲ್ಲಿಸಿದ ಪಠ್ಯ ಅದು. ತಪ್ಪಿಲ್ಲದೆ ಮುಂದಿನವನ ಕೈಗೆ ಮುಟ್ಟಿಸಬೇಕೆಂಬ ಆತಂಕ ಆ ಕಲ್ಲುಗಳ ಮೇಲೆ ಈಗಲೂ ಓದಬಹುದು. ಲಿಪಿಯನ್ನು ಕೈಯಾರೆ ಬರೆಯುವಾಗ ನಾವು ಆ ಸಾಲಿನ ಕೊನೆಯಲ್ಲಿ ಹೋಗಿ ನಿಲ್ಲುತ್ತೇವೆ. ನಮ್ಮನ್ನು ಯಾರೂ ಕರೆದಿರಲಿಲ್ಲ, ಹೊರಗೆ ಹೋಗೆಂದೂ ಯಾರೂ ಹೇಳುವುದಿಲ್ಲ.

ಮೊದಲ ತಿಂಗಳುಗಳಲ್ಲಿ ಇನ್ನೊಂದು ಸಂಗತಿ ನಡೆಯುತ್ತದೆ. ಅದು ಹೊರಗೆ ಕಾಣುವುದಿಲ್ಲ. ಊರಿನಲ್ಲಿ ಮಾತಿನಮಲ್ಲ ಎನಿಸಿಕೊಂಡವನು ಅಲ್ಲಿ ಮೂರು ವರ್ಷದ ಮಗುವಿನಷ್ಟು ಮಾತಾಡಬಲ್ಲ. ಹಸಿವಾಗಿದೆ. ನಿನ್ನೆ ಮಳೆ ಬಂತು. ಅಮ್ಮ ಊರಲ್ಲಿದ್ದಾಳೆ. ಇದು ಚೆನ್ನಾಗಿದೆ. ಇದಕ್ಕಿಂತ ಹೆಚ್ಚಿಗೆ ಹೇಳಲು ಬಾರದು. ವ್ಯಂಗ್ಯ ಆಡಲು ಬಾರದು, ಮಾತು ಹಾರಿಸಲು ಬಾರದು, ನಯವಾಗಿ ಸುಳ್ಳು ಹೇಳಲು ಬಾರದು. ತಾಯ್ನುಡಿಯಲ್ಲಿ ನಾವು ಕಟ್ಟಿಕೊಂಡ ಜಾಣತನದ ಕೋಟೆಯೆಲ್ಲ ವಿಮಾನ ಹತ್ತುವಾಗಲೇ ಹಿಂದೆ ಉಳಿದಿರುತ್ತದೆ. ಆಗ ಉಳಿದ ನಾನು ಯಾರು? ಈ ಪ್ರಶ್ನೆ ತತ್ತ್ವದ ಪುಸ್ತಕದಲ್ಲಿ ಓದಿದಾಗ ಅಷ್ಟು ತಾಗುವುದಿಲ್ಲ, ಔಷಧದ ಅಂಗಡಿಯಲ್ಲಿ ನಿಂತು ಎಲ್ಲಿ ನೋಯುತ್ತಿದೆ ಎಂದು ಹೇಳಲಾರದಾಗ ತಾಗುತ್ತದೆ. ಅಂಥ ಗಳಿಗೆಯಲ್ಲಿ ಕಂಡದ್ದು ಇಷ್ಟು: ಮಾತೆಲ್ಲ ಕಳಚಿದ ಮೇಲೂ ಬೇಕು ಎನ್ನುವವನೊಬ್ಬ, ಕೊಟ್ಟಾಗ ಹಿಗ್ಗುವವನೊಬ್ಬ, ಅದೇನು ಎಂದು ಕೇಳುವವನೊಬ್ಬ ಒಳಗೆ ಉಳಿದೇ ಇರುತ್ತಾನೆ. ಇವನು ನನ್ನ ಜಾಣತನಕ್ಕಿಂತ ಹಳಬ. ಅವನ ಪರಿಚಯ ನನಗೆ ಕನ್ನಡದಲ್ಲಿ ಆಗುವುದು ಸಾಧ್ಯವಿರಲಿಲ್ಲ.

ಇಂಥವನಿಗೆ ಮಾತು ಕಲಿಸುವವರು ಯಾರು? ತರಗತಿಯ ಅಧ್ಯಾಪಕರು ನಿಜ. ಅವರು ನಮಗೆಲ್ಲ ಒಂದೊಂದು ಚೀನೀ ಹೆಸರನ್ನೂ ಯೋಚಿಸಿ ಇಟ್ಟರು. ಆದರೆ ತರಗತಿಯ ಹೊರಗೆ ಕಲಿಸಿದವರು ಲೆಕ್ಕಕ್ಕೆ ಸಿಗುವುದಿಲ್ಲ. ಕ್ಯಾಂಟೀನಿನಲ್ಲಿ ಅನ್ನ ಬಡಿಸುವಾಕೆ ನನ್ನ ತಪ್ಪು ಸ್ವರವನ್ನು ತಿದ್ದಿ, ನಾನು ಸರಿಯಾಗಿ ಹೇಳುವವರೆಗೆ ಸೌಟು ಹಿಡಿದು ನಗುತ್ತ ನಿಲ್ಲುತ್ತಿದ್ದಳು. ಹಿಂದೆ ಸಾಲು ಬೆಳೆಯುತ್ತಿತ್ತು, ಸಾಲಿನಲ್ಲಿದ್ದವರೂ ಕಾಯುತ್ತಿದ್ದರು. ಉದ್ಯಾನದಲ್ಲಿ ನಿವೃತ್ತರು ಉದ್ದನೆಯ ಕುಂಚವನ್ನು ನೀರಿನಲ್ಲಿ ಅದ್ದಿ ನೆಲದ ಕಲ್ಲಿನ ಮೇಲೆ ಬರೆಯುವುದು ಬೀಜಿಂಗಿನಲ್ಲಿ ಎಲ್ಲೆಲ್ಲೂ ಕಾಣುವ ನೋಟ. ಅವರಲ್ಲೊಬ್ಬರು ಕುಂಚವನ್ನು ನನ್ನ ಕೈಗೆ ಕೊಟ್ಟು, ಮಣಿಕಟ್ಟು ಹಿಡಿದು ಬರೆಸಿದರು. ವಿಶ್ವವಿದ್ಯಾಲಯ ಸಂಸ್ಕೃತಿ ಎಂಬ ಹೆಸರಿನಲ್ಲಿ ಕಾಗದ ಕತ್ತರಿಸುವುದು, ಚಹಾ, ತಾಯ್‌ಚಿ ಎಲ್ಲ ಹೇಳಿಕೊಡುತ್ತದೆ, ಅವೂ ಚೆಂದವೇ. ಆದರೆ ಒಂದು ಜನದ ಸಂಸ್ಕೃತಿ ಅವರು ವಿವರಿಸಲು ಯೋಚಿಸದ ಕಡೆ ಇರುತ್ತದೆ ಎಂದು ನನಗೆ ಅನಿಸಿದೆ. ಬೇಸಿಗೆಯಲ್ಲೂ ಬಿಸಿನೀರು ಕುಡಿಸುವುದರಲ್ಲಿ, ಮನೆಯವರಿಗೆ ಧನ್ಯವಾದ ಹೇಳಿದರೆ ದೂರ ಮಾಡಿದಂತೆ ನೊಂದುಕೊಳ್ಳುವುದರಲ್ಲಿ, ಪರಕೀಯನ ತಪ್ಪಿಗಾಗಿ ಸಾಲನ್ನೇ ನಿಲ್ಲಿಸಿಕೊಂಡು ಕಾಯುವುದರಲ್ಲಿ.

ಇದೆಲ್ಲ ಆಗುತ್ತಿರುವಾಗಲೇ ತರಗತಿಯ ಗೋಡೆಯ ಮೇಲಿನ ಭೂಪಟದಲ್ಲಿ ಅರುಣಾಚಲ ಪ್ರದೇಶ ಚೀನಾದ ಬಣ್ಣದಲ್ಲಿತ್ತು.

ಈ ಭೂಪಟವನ್ನು ಬಿಟ್ಟು ಚೀನೀ ಕಲಿತ ಭಾರತೀಯನ ಕತೆ ಹೇಳುವುದು ಪ್ರಾಮಾಣಿಕವಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ನಮ್ಮ ಗಾದೆಯನ್ನು ಇಟ್ಟುಕೊಂಡು ಸ್ನೇಹದ ಉತ್ತರವನ್ನು ಪರೀಕ್ಷಿಸಿದರೆ ಅದು ನಿಲ್ಲುವುದಿಲ್ಲ. ಮಾತು ಬಲ್ಲವರು ಇದ್ದರು. ತಾನ್ ಯುನ್‌ಷಾನ್ 1928ರಲ್ಲೇ ಶಾಂತಿನಿಕೇತನಕ್ಕೆ ಬಂದು, 1937ರಲ್ಲಿ ರವೀಂದ್ರರ ಜೊತೆ ಚೀನಾಭವನ ಕಟ್ಟಿದರು. 1947ರಲ್ಲಿ ಭಾರತದಿಂದ ಪೀಕಿಂಗಿಗೆ ಓದಲು ಹೋದ ವಸಂತ ಪರಾಂಜಪೆ ಮುಂದೆ ನೆಹರೂ ಅವರ ಮಾತನ್ನು ಚೀನೀ ನಾಯಕರಿಗೆ ದಾಟಿಸುವ ದುಭಾಷಿಯಾದರು. ಇಬ್ಬರೂ ಎರಡು ಭಾಷೆಗಳನ್ನು ಬಲ್ಲ, ಎರಡು ದೇಶಗಳನ್ನು ಪ್ರೀತಿಸಿದ ಜನ. ಆದರೂ 1962ರ ಯುದ್ಧ ಬಂದೇ ಬಂತು. ತಲೆಮಾರುಗಳಿಂದ ಇಲ್ಲಿದ್ದ ಸುಮಾರು ಮೂರು ಸಾವಿರ ಚೀನೀ ಮೂಲದವರನ್ನು ರಾಜಸ್ಥಾನದ ದೇವಳಿ ಶಿಬಿರದಲ್ಲಿ ಕೂಡಿಹಾಕಿದೆವು. 2020ರಲ್ಲಿ ಗಲ್ವಾನ್ ಕಣಿವೆಯ ಘರ್ಷಣೆ. ಭಾಷೆ ಕಲಿತವರಲ್ಲಿ ಗೂಢಚಾರರೂ ಇರುತ್ತಾರೆ, ಸಂಧಾನದ ಮೇಜಿನಲ್ಲಿ ಒಂದು ಪದಕ್ಕಾಗಿ ಹಟ ಹಿಡಿಯುವವರೂ ಇರುತ್ತಾರೆ. ಮಾತು ಬಲ್ಲವನು ಜಗಳವನ್ನು ಇನ್ನೂ ಚೆನ್ನಾಗಿ ಆಡಬಲ್ಲ.

ಮಾತು ಕಲಿಯುವಾಗ ಮಾತು ನಿಲ್ಲುವ ಜಾಗಗಳೂ ತಿಳಿಯುತ್ತವೆ. 1989ರ ತಿಯಾನಾನ್‌ಮೆನ್ ಬಗ್ಗೆ ಕೇಳಿದರೆ ನೀವು ಬಹಳ ಮೆಚ್ಚುವ ಮನುಷ್ಯ ನಿಮ್ಮ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸುತ್ತಾನೆ. ಆ ಚಹಾದಲ್ಲಿ ಭಯ ಎಷ್ಟು, ನಿಮ್ಮನ್ನು ತೊಂದರೆಯಿಂದ ದೂರ ಇಡುವ ಕಾಳಜಿ ಎಷ್ಟು, ಹಳೆಯ ನೋವು ಎಷ್ಟು ಎಂದು ಬಿಡಿಸಲು ಬರುವುದಿಲ್ಲ. ಆದರೆ ಭಾಷೆ ಬಾರದವನಿಗೆ ಅಲ್ಲೊಂದು ಮೌನ ಇತ್ತೆಂಬುದೇ ತಿಳಿಯುತ್ತಿರಲಿಲ್ಲ. ಇದು ನನಗೆ ಮುಖ್ಯ. ದೂರದಿಂದ ನೋಡುವಾಗ ನೂರನಲವತ್ತು ಕೋಟಿ ಜನ ಒಂದೇ ಬಾಯಿಯಲ್ಲಿ ಮಾತಾಡುತ್ತಾರೆ ಅನಿಸುತ್ತದೆ. ಹತ್ತಿರ ಕೂತವನಿಗೆ ಒಬ್ಬೊಬ್ಬರ ಮಾತೂ, ಒಬ್ಬೊಬ್ಬರ ಮೌನವೂ ಬೇರೆ ಬೇರೆಯಾಗಿ ಕೇಳತೊಡಗುತ್ತದೆ. 'ಅವರು' ಎಂಬ ಸಗಟು ಶಬ್ದ ಆಮೇಲೆ ಬಾಯಿಗೆ ಬರುವುದು ಕಷ್ಟ. ಭೂಪಟದ ವಿಷಯದಲ್ಲಿ ನನ್ನ ನಿಲುವು ಒಂದಿಷ್ಟೂ ಬದಲಾಗಲಿಲ್ಲ, ನನ್ನ ಚೀನೀ ಗೆಳೆಯನದೂ ಬದಲಾಗಲಿಲ್ಲ. ನಾವಿಬ್ಬರೂ ಅದನ್ನು ಹೇಳಿಕೊಂಡೆವು, ಅವನ ಭಾಷೆಯಲ್ಲಿಯೇ.

ಹಾಗಾದರೆ ಕಲಿತವನು ಪಡೆದದ್ದೇನು? ಆಸ್ತಿಯೆಂದರೆ ಅದು ಸಾಲದು, ಸ್ನೇಹವೆಂದರೆ ಇತಿಹಾಸ ಒಪ್ಪುವುದಿಲ್ಲ. ನನಗೆ ತೋಚುವ ಉತ್ತರ ಋಣ. ನಮ್ಮ ಹಿರಿಯರು ಮನುಷ್ಯ ಹುಟ್ಟುವಾಗಲೇ ದೇವತೆಗಳಿಗೆ, ಪಿತೃಗಳಿಗೆ, ಋಷಿಗಳಿಗೆ ಸಾಲಗಾರ ಎಂದರು. ಇವುಗಳಲ್ಲಿ ಋಷಿಋಣ ತೀರುವ ಬಗೆ ವಿಚಿತ್ರ. ಅದು ಓದುವುದರಿಂದ ತೀರುತ್ತದೆ. ಜ್ಞಾನ ಕೊಟ್ಟವರಿಗೆ ಮರಳಿ ಏನನ್ನೂ ಕೊಡಲು ಆಗುವುದಿಲ್ಲ, ಅದನ್ನು ಜೀವಂತ ಇಟ್ಟು ಮುಂದಿನವನಿಗೆ ದಾಟಿಸಬಹುದು ಅಷ್ಟೇ. ಹಿರಿಯರು ಇದನ್ನು ಹೇಳುವಾಗ ತಮ್ಮ ಋಷಿಗಳನ್ನೇ ನೆನೆದಿರಬಹುದು. ಇತ್ಸಿಂಗ್ ಮತ್ತು ಅವನಿಗೆ ಮೊದಲು ಬಂದ ಹ್ಯೂಯೆನ್ ತ್ಸಾಂಗ್ ಪರದೇಶದ ಋಷಿಗಳ ಋಣವನ್ನು ತಾವಾಗಿ ಮೈಮೇಲೆ ಎಳೆದುಕೊಂಡರು.

ಹ್ಯೂಯೆನ್ ತ್ಸಾಂಗನ ಋಣ ನಮ್ಮ ಮೇಲೂ ಇದೆ, ಕನ್ನಡದವರು ಇದನ್ನು ಮರೆಯುವುದು ಸುಲಭ. ಅವನು ಚೀನಾ ಬಿಟ್ಟದ್ದು ಅಪ್ಪಣೆಯಿಲ್ಲದೆ, ಗಡಿ ಕಾವಲನ್ನು ತಪ್ಪಿಸಿ. ನಾಲಂದಾದಲ್ಲಿ ಮುಪ್ಪಿನ ಶೀಲಭದ್ರನ ಕಾಲಬುಡದಲ್ಲಿ ಓದಿ, ದಕ್ಷಿಣಕ್ಕೂ ತಿರುಗಾಡಿ, 645ರಲ್ಲಿ 657 ಗ್ರಂಥಗಳನ್ನು ಹೊತ್ತು ಚಾಂಗಾನಿಗೆ ಮರಳಿದ. ದಾರಿಯಲ್ಲಿ ಇಮ್ಮಡಿ ಪುಲಕೇಶಿಯ ನಾಡನ್ನು ಕಂಡು ಬರೆದ: ಇಲ್ಲಿಯ ಜನ ಸ್ವಾಭಿಮಾನಿಗಳು, ಉಪಕಾರ ಮರೆಯದವರು, ಅವಮಾನ ಸಹಿಸದವರು, ಹರ್ಷನಿಗೂ ಇವರನ್ನು ಮಣಿಸಲಾಗಲಿಲ್ಲ. ಐಹೊಳೆಯ ಶಾಸನ ಪುಲಕೇಶಿಯ ಆಸ್ಥಾನದ್ದೇ ಹೊಗಳಿಕೆ. ಹೊರಗಿನವನೊಬ್ಬ ನಿಂತು ನೋಡಿ ಬರೆದ ಸಾಕ್ಷಿ ನಮಗೆ ಸಿಕ್ಕಿದ್ದು ಈ ಚೀನೀ ವಿದ್ಯಾರ್ಥಿಯಿಂದ. ಶಾಲೆಯ ಪಾಠದಲ್ಲಿ ಅವನ ಹೆಸರನ್ನು ಪುಲಕೇಶಿಯ ಜೊತೆಗೇ ಬಾಯಿಪಾಠ ಮಾಡಿದ ನಾವು, ಅವನೂ ಪರದೇಶದ ಹಾಸ್ಟೆಲಿನಲ್ಲಿ ಮನೆ ನೆನೆಸಿಕೊಂಡ ಒಬ್ಬ ವಿದ್ಯಾರ್ಥಿ ಎಂದು ಯೋಚಿಸಿದ್ದು ಕಡಿಮೆ.

ಕಲಿಕೆಯ ಋಣ ದೇಶದೇಶಗಳ ಜಗಳವನ್ನು ದಾಟಿ ಹೇಗೆ ಹರಿಯುತ್ತದೆ ಎಂಬುದಕ್ಕೆ ಒಂದು ಸರಪಳಿಯನ್ನು ನಾನು ಮನಸ್ಸಿನಲ್ಲಿ ಆಗಾಗ ತಿರುವಿ ನೋಡುತ್ತೇನೆ. ಕುಮಾರಜೀವ ಹುಟ್ಟಿದ್ದು ಮಧ್ಯ ಏಷ್ಯಾದ ಕೂಚಾದಲ್ಲಿ, ತಂದೆ ಭಾರತದವರು. ಚೀನೀ ಸೇನಾಪತಿಯೊಬ್ಬ ಅವನನ್ನು ಹಿಡಿದೊಯ್ದು ವರ್ಷಗಟ್ಟಲೆ ಇಟ್ಟುಕೊಂಡ, ಆ ಸೆರೆಯಲ್ಲೇ ಅವನು ಚೀನೀ ಕಲಿತ. ಕೂಚಾದ ನುಡಿ ಮುಂದೆ ಸತ್ತುಹೋಯಿತು. ಮರಳಿನಡಿ ಸಿಕ್ಕ ಓಲೆಗಳಿಂದ ಆ ತೊಖಾರಿಯನ್ ನುಡಿಗಳನ್ನು ಮತ್ತೆ ಓದಿ ಬಿಡಿಸಿದವರಲ್ಲಿ ಜರ್ಮನಿಯ ಎಮಿಲ್ ಸೀಗ್ ಒಬ್ಬರು. 1935ರಲ್ಲಿ ಜಿ ಷಿಯಾನ್‌ಲಿನ್ ಎಂಬ ಚೀನೀ ಯುವಕ ಜರ್ಮನಿಯ ಗಾಟಿಂಗೆನ್‌ಗೆ ಓದಲು ಹೋಗಿ, ಅಲ್ಲಿ ಸಂಸ್ಕೃತ ಹಿಡಿದ. ಸ್ವಲ್ಪ ಕಾಲದ ಓದೆಂದು ಹೋದವನನ್ನು ಮಹಾಯುದ್ಧ ಹತ್ತು ವರ್ಷ ಹಿಡಿದಿಟ್ಟಿತು. ಅವನ ಪ್ರಾಧ್ಯಾಪಕ ಸೈನ್ಯಕ್ಕೆ ಹೋದಾಗ, ನಿವೃತ್ತರಾಗಿದ್ದ ಸೀಗ್ ಮತ್ತೆ ಪಾಠಕ್ಕೆ ಬಂದು, ತಾನು ಬಲ್ಲ ತೊಖಾರಿಯನ್ ತನ್ನ ಜೊತೆ ಮಣ್ಣಾಗಬಾರದೆಂದು ಈ ಚೀನೀ ಹುಡುಗನಿಗೆ ಹಟ ಹಿಡಿದು ಕಲಿಸಿದರು. ನಗರಗಳ ಮೇಲೆ ಬಾಂಬು ಬೀಳುತ್ತಿದ್ದಾಗ, ಹಸಿದ ಹೊಟ್ಟೆಯಲ್ಲಿ, ಒಬ್ಬ ಜರ್ಮನ್ ಮುದುಕ ಒಬ್ಬ ಚೀನೀಯನಿಗೆ ಕುಮಾರಜೀವನ ಊರಿನ ನುಡಿ ಹೇಳಿಕೊಟ್ಟ.

ಆ ಜಿ ಷಿಯಾನ್‌ಲಿನ್ ಮರಳಿ ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ 1946ರಲ್ಲಿ ಪೂರ್ವದೇಶಗಳ ಭಾಷೆಗಳ ವಿಭಾಗ ಕಟ್ಟಿದರು. ಸಾಂಸ್ಕೃತಿಕ ಕ್ರಾಂತಿಯಲ್ಲಿ ಹೊಡೆಸಿಕೊಂಡರು, ಸೆರೆಯಲ್ಲಿದ್ದರು, ಆಮೇಲೆ ವಿದ್ಯಾರ್ಥಿನಿಲಯದ ಬಾಗಿಲು ಕಾಯುವ ಕೆಲಸಕ್ಕೆ ನೇಮಕಗೊಂಡರು. 1973ರಿಂದ ಆ ಬಾಗಿಲ ಬಳಿ ಕೂತು ಗುಟ್ಟಾಗಿ ವಾಲ್ಮೀಕಿ ರಾಮಾಯಣವನ್ನು ಚೀನೀ ಪದ್ಯಕ್ಕೆ ತರತೊಡಗಿದರು. ಅದು 1980ರಿಂದ 1984ರವರೆಗೆ ಅಚ್ಚಾಯಿತು. ಅವರ ಜೊತೆಯಲ್ಲಿ ಸಂಸ್ಕೃತ ಕಲಿಸುತ್ತಿದ್ದ ಜಿನ್ ಕೆಮು 1940ರ ದಶಕದಲ್ಲಿ ಸಾರನಾಥದಲ್ಲಿ ಧರ್ಮಾನಂದ ಕೋಸಂಬಿಯವರ ಬಳಿ ಓದಿದವರು. ಇವರಿಬ್ಬರೂ 1960ರಲ್ಲಿ ಆರಂಭಿಸಿದ ತರಗತಿಯಲ್ಲಿ, ಎರಡು ದೇಶಗಳು ಯುದ್ಧಕ್ಕೆ ಜಾರುತ್ತಿದ್ದ ಅದೇ ವರ್ಷಗಳಲ್ಲಿ, ಒಂದಿಷ್ಟು ಚೀನೀ ಹುಡುಗರು ಪಾಣಿನಿಯ ಭಾಷೆ ಕಲಿಯುತ್ತ ಕೂತಿದ್ದರು. ಅವರಲ್ಲೊಬ್ಬರಾದ ಹುವಾಂಗ್ ಬಾವ್‌ಷೆಂಗ್ ಅವರ ನೇತೃತ್ವದಲ್ಲಿ 2005ರಲ್ಲಿ ಇಡೀ ಮಹಾಭಾರತ ಚೀನೀಯಲ್ಲಿ ಬಂತು. ಕೋಸಂಬಿ 1947ರಲ್ಲೇ ತೀರಿಹೋಗಿದ್ದರು. ಸೀಗ್ ರಾಮಾಯಣವನ್ನು ನೋಡಲಿಲ್ಲ. ಕೊಟ್ಟವರು ಯಾರೂ ವಸೂಲಿಗೆ ಉಳಿಯಲಿಲ್ಲ.

ಲೂ ಷುನ್ ಕತೆ ಇದಕ್ಕಿಂತ ಬಿಗಿಯಾದದ್ದು. ಆಧುನಿಕ ಚೀನೀ ಸಾಹಿತ್ಯದ ಈ ಹಿರಿಯ 1904ರಲ್ಲಿ ಜಪಾನಿನ ಸೆಂಡಾಯ್ ವೈದ್ಯಕೀಯ ಶಾಲೆಗೆ ಸೇರಿದಾಗ ಅಲ್ಲಿ ಅವನೊಬ್ಬನೇ ಚೀನೀ ವಿದ್ಯಾರ್ಥಿ. ಅಂಗರಚನೆ ಕಲಿಸುತ್ತಿದ್ದ ಫುಜಿನೋ ಅವನ ಟಿಪ್ಪಣಿ ಪುಸ್ತಕಗಳನ್ನು ತರಿಸಿಕೊಂಡು, ಮೊದಲಿನಿಂದ ಕೊನೆಯವರೆಗೆ ಕೆಂಪು ಶಾಯಿಯಲ್ಲಿ ತಿದ್ದಿ ಕೊಡುತ್ತಿದ್ದರು. ವ್ಯಾಕರಣದ ತಪ್ಪನ್ನೂ ಬಿಡುತ್ತಿರಲಿಲ್ಲ. ಲೂ ಷುನ್ ವೈದ್ಯ ವಿದ್ಯೆ ಬಿಟ್ಟು ಬಂದು ಲೇಖಕನಾದ. ಎಷ್ಟೋ ವರ್ಷಗಳ ಮೇಲೆ, 1926ರಲ್ಲಿ, ಆ ಗುರುವಿನ ಬಗ್ಗೆ ಬರೆದ. ಅವರ ಭಾವಚಿತ್ರವನ್ನು ಬೀಜಿಂಗಿನ ಮನೆಯ ಗೋಡೆಯಲ್ಲಿ ತೂಗುಹಾಕಿಕೊಂಡಿದ್ದ. ಜಪಾನು ಚೀನಾವನ್ನು ತುಳಿಯುತ್ತಿದ್ದ ಕಾಲದಲ್ಲಿಯೂ ಆ ಋಣವನ್ನು ಅವನು ಬಚ್ಚಿಡಲಿಲ್ಲ. ತನ್ನ ದೇಶದ ನೋವನ್ನೂ ಒಂದಿಷ್ಟು ಕಡಿಮೆ ಮಾಡಿ ಹೇಳಲಿಲ್ಲ. ಎರಡನ್ನೂ ಒಂದೇ ಎದೆಯಲ್ಲಿ ಇಟ್ಟುಕೊಳ್ಳಲು ಬೇಕಾದ ಬಲ ಯಾವುದು ಎಂದು ನಾನು ಕೇಳಿಕೊಳ್ಳುತ್ತೇನೆ. ಋಣ ರಾಜ್ಯಕ್ಕೆ ಸಲ್ಲುವುದಲ್ಲ, ಕೆಂಪು ಶಾಯಿಯ ಆ ಕೈಗೆ ಸಲ್ಲುವುದು ಎಂದು ಅವನಿಗೆ ಸ್ಪಷ್ಟವಿತ್ತು. ಈ ಸ್ಪಷ್ಟತೆ ಇಲ್ಲದಿದ್ದರೆ ಪರದೇಶದಲ್ಲಿ ಓದಿದವನು ಒಂದೋ ಆ ದೇಶದ ವಕೀಲನಾಗುತ್ತಾನೆ, ಇಲ್ಲವೇ ಉಂಡ ಮನೆಯನ್ನು ಬೈದು ತನ್ನ ದೇಶಭಕ್ತಿ ತೋರಿಸಬೇಕಾಗುತ್ತದೆ.

ನಮ್ಮ ಕಡೆಯಿಂದ ಚೀನಾಕ್ಕೆ ಹೋಗುವವರಲ್ಲಿ ಭಾಷೆಗೆಂದೇ ಹೋಗುವವರು ಬಹಳ ಕಡಿಮೆ. ವೈದ್ಯಕೀಯ ಓದಲು ಹೋಗುವವರೇ ಹೆಚ್ಚು, ಕರ್ನಾಟಕದ ಸಣ್ಣ ಊರುಗಳ ಮಕ್ಕಳೂ ಅವರಲ್ಲಿ ಇದ್ದಾರೆ. ಪಾಠ ಇಂಗ್ಲಿಷಿನಲ್ಲಿ ನಡೆದರೂ ವಾರ್ಡಿಗೆ ಕಾಲಿಟ್ಟ ದಿನ ರೋಗಿ ಮಾತಾಡುವುದು ಚೀನೀ. ಎಲ್ಲಿ ನೋವು, ಎಂದಿನಿಂದ, ಉರಿಯೋ ಸೆಳೆತವೋ ಎಂದು ಕೇಳಲು ಕಲಿತವರು ಅವರು. ಕೊರೊನಾ ಬಂದಾಗ ಊರಿಗೆ ಮರಳಿದವರು 2022ರ ಆಗಸ್ಟ್‌ನಲ್ಲಿ ವೀಸಾ ಮತ್ತೆ ತೆರೆಯುವವರೆಗೆ ಪರದೆಯ ಮೇಲೆ ಪಾಠ ಕೇಳುತ್ತ ಕೂತರು. ಈ ಮಕ್ಕಳಿಗೆ ಬಂದ ಚೀನೀ ಪರೀಕ್ಷೆ ಮುಗಿದ ಮೇಲೆ ಯಾರಿಗೂ ಬೇಡವಾಗಿ ತುಕ್ಕು ಹಿಡಿಯುತ್ತದೆ. ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ 1938ರಲ್ಲಿ ಯುದ್ಧದ ಚೀನಾಕ್ಕೆ ಹೋಗಿ, ಅಲ್ಲಿಯ ಭಾಷೆ ಕಲಿತು, ಅಲ್ಲಿಯ ಶಿಷ್ಯರಿಗೆ ಪಾಠ ಹೇಳಿ, 32ನೆಯ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡದ್ದನ್ನು ನಾವು ಭಾಷಣಗಳಲ್ಲಿ ನೆನೆಯುತ್ತೇವೆ. ರೋಗಿಯ ಹಾಸಿಗೆಯ ಪಕ್ಕದಲ್ಲಿ ಭಾಷೆ ಕಲಿತ ನೂರಾರು ಕೋಟ್ನಿಸರ ಕಿರಿಯರು ನಮ್ಮ ತಾಲೂಕುಗಳಲ್ಲೇ ಇದ್ದಾರೆ, ಅವರನ್ನು ಕರೆದು ಒಂದು ಮಾತು ಕೇಳಿದವರಿಲ್ಲ.

ಕನ್ನಡಕ್ಕೆ ಚೀನೀ ಸಾಹಿತ್ಯ ಬಂದಿರುವುದು ಹೆಚ್ಚಾಗಿ ಇಂಗ್ಲಿಷಿನ ಬಾಗಿಲಿನಿಂದ. ಹಾಗೆ ತಂದವರಿಗೂ ನಾವು ಕೃತಜ್ಞರೇ. ಆದರೆ ಲೂ ಷುನ್‌ನನ್ನು ಅವನ ಲಿಪಿಯಲ್ಲೇ ಓದಿ ಕನ್ನಡಕ್ಕೆ ತರಬಲ್ಲ ಕೈ ಬೇಕು. ಅದಕ್ಕೂ ಮೊದಲು ಚೀನೀ ಕಲಿಯಲು ಹೊರಟ ಕನ್ನಡದ ಹುಡುಗ ಹುಡುಗಿಯರಿಗೆ ಒಂದು ಸಣ್ಣ ಪುಸ್ತಕ ಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಇತ್ಸಿಂಗ್ ತನ್ನವರಿಗಾಗಿ ಸಂಸ್ಕೃತ ಪದಗಳ ಕೋಶ ಮಾಡಿಕೊಟ್ಟಿದ್ದ, ಅಂಥದ್ದು. ಅದರ ಮೊದಲ ಪುಟದಲ್ಲಿ ರೋಮನ್ ಅಕ್ಷರ ಬೇಡ, ನಮ್ಮ ಪ ಫ, ತ ಥ, ಕ ಖ ಇರಲಿ. ಎರಡನೆಯ ಪುಟದಲ್ಲಿ ನಾಲ್ಕು ಸ್ವರಗಳು, ಪಕ್ಕದಲ್ಲಿ ಅವನ್ನು ತಿದ್ದಿಸಿಕೊಳ್ಳಲು ಸಂಕೋಚ ಪಡಬೇಡಿ ಎಂಬ ಒಂದು ಸಾಲು. ಕೊನೆಯ ಪುಟಗಳನ್ನು ಆಸ್ಪತ್ರೆಯ ಮಾತುಗಳಿಗೆ ಬಿಡಬಹುದು, ಅದನ್ನು ಬರೆಯಲು ಹಾವೇರಿಯಲ್ಲೋ ರಾಯಚೂರಿನಲ್ಲೋ ಕ್ಲಿನಿಕ್ ತೆರೆದಿರುವ, ವಾರ್ಡಿನಲ್ಲಿ ಚೀನೀ ಕಲಿತ ಯಾವ ವೈದ್ಯರಾದರೂ ಆದೀತು. ಮೊದಲ ಅಧ್ಯಾಯವನ್ನು ನಾನು ಬರೆಯತೊಡಗಿದ್ದೇನೆ.